ಅಡುಗೆಮನೆ ಪ್ರಶ್ನೋತ್ತರ: ಇಟಲಿಯ ಕಚ್ಚಾತೋರಾ ಕೋಳಿ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಅಡುಗೆಯ ಸುತ್ತ: ಇಟಲಿಯ ‘ಪೋಲ್ಲೊ ಅಲ್ಲಾ ಕಚ್ಚಾತೋರಾ’, ಅಂದರೆ ಬೇಟೆಗಾರರ ಬಗೆಯ ಕೋಳಿ. ಎಲುಬಿನ ತುಂಡುಗಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ವೈನ್, ಟೊಮೆಟೊ, ರೋಸ್‌ಮೆರಿ ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸುವ ಹಳ್ಳಿ ಅಡುಗೆ ಇದು. ಕೋಳಿಯ ಬದಲು ಮೊಲದಲ್ಲೂ ಮಾಡುತ್ತಾರೆ. ಕಾಳುಮೆಣಸು ಬಿಟ್ಟರೆ ಮಸಾಲೆ ಪುಡಿ ಯಾವುದೂ ಇಲ್ಲ. ಹಾಗಾಗಿ ಹುರಿಯುವಾಗ, ನೀರು ಇಂಗಿಸುವಾಗ ಅವಸರ ಮಾಡಿದರೆ ಆ ಕೊರತೆಯನ್ನು ಮರೆಸುವ ಇನ್ನೊಂದು ಪದಾರ್ಥ ಈ ಅಡುಗೆಯಲ್ಲಿಲ್ಲ.

ಒಬ್ಬರು ದಪ್ಪ ಮೆಣಸಿನಕಾಯಿ ಹಾಕುತ್ತಾರೆ, ಇನ್ನೊಬ್ಬರು ಅಣಬೆ, ಮತ್ತೊಬ್ಬರು ಟೊಮೆಟೊವನ್ನೇ ಹಾಕುವುದಿಲ್ಲ. ಯಾವುದು ಸರಿ? – ತುಮಕೂರು

ಎಲ್ಲವೂ ಸರಿ. ಇಟಲಿಯಲ್ಲಿ ಇದು ಸೀಮೆಗೊಂದು ಥರ. ಉತ್ತರದ ಕಡೆ ಅಣಬೆ ಹೆಚ್ಚು, ಟಸ್ಕನಿಯಲ್ಲಿ ಕಪ್ಪು ಆಲಿವ್, ದಕ್ಷಿಣಕ್ಕೆ ಇಳಿದಂತೆ ದಪ್ಪ ಮೆಣಸಿನಕಾಯಿ, ಒಣಮೆಣಸಿನಕಾಯಿ ಸೇರಿಕೊಳ್ಳುತ್ತವೆ. ರೋಮ್ ಸುತ್ತಲಿನ ಲಾತ್ಸಿಯೊದಲ್ಲಿ ಟೊಮೆಟೊ ಇಲ್ಲದೆ ಬೆಳ್ಳುಳ್ಳಿ, ರೋಸ್‌ಮೆರಿ, ವಿನೆಗರ್ ಮತ್ತು ಉಪ್ಪಿನಲ್ಲಿ ಹಾಕಿಟ್ಟ ಆಂಚೋವಿ ಮೀನಿನಲ್ಲಿ ಮಾಡುವ ಬಿಳಿ ಬಗೆಯೂ ಇದೆ. ಟೊಮೆಟೊ ಅಮೆರಿಕ ಖಂಡದಿಂದ ಇಟಲಿಗೆ ಬಂದದ್ದೇ 16ನೇ ಶತಮಾನದಲ್ಲಿ. ದಿನನಿತ್ಯದ ಅಡುಗೆಗೆ ಒಗ್ಗಿಕೊಳ್ಳಲು ಇನ್ನೂ ಬಹಳ ಕಾಲ ಹಿಡಿಯಿತು. ಆದ್ದರಿಂದ ಟೊಮೆಟೊ ಇಲ್ಲದ್ದನ್ನು ಅರೆಬರೆ ಅಡುಗೆ ಅನ್ನಬೇಡಿ.

ಆದರೆ ಅಣಬೆ, ಆಲಿವ್, ದಪ್ಪ ಮೆಣಸಿನಕಾಯಿ ಮೂರನ್ನೂ ಒಂದೇ ಪಾತ್ರೆಗೆ ಸುರಿಯಬೇಡಿ. ಒಂದನ್ನು ಆರಿಸಿಕೊಳ್ಳಿ. ಮೂರೂ ಸೇರಿದರೆ ಕೋಳಿಯ ರುಚಿಯೇ ಕಾಣೆಯಾಗುತ್ತದೆ. ಮೊದಲ ಬಾರಿ ಮಾಡುವವರಿಗೆ ನಮ್ಮ ಸಲಹೆ ಟಸ್ಕನಿಯ ಆಲಿವ್ ಬಗೆ.

ನಾಲ್ಕು ಜನಕ್ಕೆ ಸರಿಯಾದ ಅಳತೆ, ಕ್ರಮ ತಿಳಿಸಿ. – ಹಾಸನ

ಚರ್ಮ, ಎಲುಬು ಸಮೇತ ಕೋಳಿ 1.2 ಕೆ.ಜಿ., ಎಂಟು ತುಂಡು. ಪುಡಿ ಉಪ್ಪು 12 ಗ್ರಾಂ (ಮಟ್ಟಸವಾಗಿ ಎರಡು ಟೀ ಚಮಚ), ಕುಟ್ಟಿದ ಕಾಳುಮೆಣಸು ಅರ್ಧ ಟೀ ಚಮಚ. ಆಲಿವ್ ಎಣ್ಣೆ 3 ದೊಡ್ಡ ಚಮಚ. ದೊಡ್ಡ ಈರುಳ್ಳಿ ಒಂದು, ಕ್ಯಾರೆಟ್ ಒಂದು, ಸೆಲರಿ ದಂಟು ಒಂದು. ಬೆಳ್ಳುಳ್ಳಿ ಮೂರು ಎಸಳು. ರೋಸ್‌ಮೆರಿ ಬೆರಳುದ್ದದ ಎರಡು ಕಡ್ಡಿ, ಸೇಜ್ ಸಿಕ್ಕರೆ ನಾಲ್ಕೈದು ಎಲೆ. ಸಿಹಿಯಿಲ್ಲದ ಕೆಂಪು ವೈನ್ 150 ಮಿ.ಲೀ. ಟೊಮೆಟೊ ಪೇಸ್ಟ್ 1 ದೊಡ್ಡ ಚಮಚ. ಚೆನ್ನಾಗಿ ಹಣ್ಣಾದ ಟೊಮೆಟೊ 600 ಗ್ರಾಂ, ಇಲ್ಲವೇ ಸಿಪ್ಪೆ ಸುಲಿದ ಟೊಮೆಟೊದ 400 ಗ್ರಾಂ ಡಬ್ಬಿ ಒಂದು. ಕಪ್ಪು ಆಲಿವ್ 80 ಗ್ರಾಂ.

ಹಿಂದಿನ ರಾತ್ರಿಯೇ ಕೋಳಿಗೆ ಉಪ್ಪು, ಮೆಣಸು ಸವರಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಬೇರೆ ಯಾವುದಕ್ಕೂ ತಾಕದಂತೆ ಇಡಿ. ಕನಿಷ್ಠ ಒಂದು ಗಂಟೆಯಾದರೂ ಉಪ್ಪು ಹಿಡಿಯಬೇಕು. ಒಲೆಗೆ ಹಾಕುವ ಮುನ್ನ ಪ್ರತಿ ತುಂಡನ್ನೂ ಪೇಪರ್ ಟವಲ್‌ನಿಂದ ಒರೆಸಿ ಒಣಗಿಸಿ.

ದಪ್ಪ ತಳದ ಅಗಲ ಪಾತ್ರೆ ಇಡಿ. ಅಡ್ಡಳತೆ 28 ಸೆಂ.ಮೀ. ಇದ್ದರೆ ಚೆನ್ನ. ಎಣ್ಣೆ ಕಾದು ಅಲೆಯಾಡತೊಡಗಿದಾಗ ಅರ್ಧದಷ್ಟು ತುಂಡುಗಳನ್ನು ಮಾತ್ರ ಚರ್ಮದ ಕಡೆ ಕೆಳಗೆ ಮಾಡಿ ಇಡಿ. ಮಧ್ಯಮಕ್ಕಿಂತ ತುಸು ಹೆಚ್ಚು ಉರಿಯಲ್ಲಿ ಆರರಿಂದ ಎಂಟು ನಿಮಿಷ ಮುಟ್ಟಬೇಡಿ. ಮಗುಚಿ ಇನ್ನು ಮೂರು ನಿಮಿಷ. ತಟ್ಟೆಗೆ ತೆಗೆದು ಉಳಿದರ್ಧವನ್ನೂ ಹೀಗೇ ಹುರಿಯಿರಿ. ಈ ಹಂತದಲ್ಲಿ ಒಳಗೆ ಬೇಯಬೇಕಾಗಿಲ್ಲ, ಬಣ್ಣ ಬಂದರೆ ಸಾಕು.

ಪಾತ್ರೆಯಲ್ಲಿ ಎರಡು ದೊಡ್ಡ ಚಮಚದಷ್ಟು ಜಿಡ್ಡು ಉಳಿಸಿ ಮಿಕ್ಕಿದ್ದನ್ನು ಬಗ್ಗಿಸಿಬಿಡಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ ಹಾಕಿ, ಚಿಟಿಕೆ ಉಪ್ಪು ಉದುರಿಸಿ, ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬಾಡಿಸಿ. ಇದಕ್ಕೆ ಅಲ್ಲಿ ಸೊಫ್ರಿತ್ತೊ ಅನ್ನುತ್ತಾರೆ. ಬಿರಿಯಾನಿಗೆ ಹುರಿದಂತೆ ಕಂದು ಮಾಡಬಾರದು. ಮೆತ್ತಗಾಗಿ ಸಿಹಿ ವಾಸನೆ ಬಂದರೆ ಹದ. ಆಮೇಲೆ ಜಜ್ಜಿದ ಬೆಳ್ಳುಳ್ಳಿ, ರೋಸ್‌ಮೆರಿ, ಸೇಜ್ ಹಾಕಿ ಒಂದು ನಿಮಿಷ. ಟೊಮೆಟೊ ಪೇಸ್ಟ್ ಹಾಕಿ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಎರಡು ನಿಮಿಷ.

ಈಗ ವೈನ್ ಸುರಿದು ಉರಿ ಏರಿಸಿ, ಮರದ ಸೌಟಿನಿಂದ ತಳ ಕೆರೆಯಿರಿ. ಹುರಿದಾಗ ಅಂಟಿದ ಕಂದು ಪದರವೆಲ್ಲ ಬಿಟ್ಟುಕೊಳ್ಳಬೇಕು. ಸಾಸಿನ ರುಚಿಯ ಅರ್ಧ ಪಾಲು ಅದರಲ್ಲೇ ಇದೆ. ವೈನ್ ಅರ್ಧಕ್ಕಿಂತ ಕಡಿಮೆಯಾಗಿ, ಮೂಗಿಗೆ ಹೊಡೆಯುವ ಘಾಟು ಹೋದ ಮೇಲೆ ಕಿವುಚಿದ ಟೊಮೆಟೊ ಹಾಕಿ ಐದು ನಿಮಿಷ ಕುದಿಸಿ. ತೊಡೆ, ಕಾಲು, ರೆಕ್ಕೆಗಳನ್ನು ಚರ್ಮ ಮೇಲೆ ಬರುವಂತೆ ಜೋಡಿಸಿ, ತಟ್ಟೆಯಲ್ಲಿ ಇಳಿದ ರಸವನ್ನೂ ಸುರಿಯಿರಿ. ರಸ ತುಂಡುಗಳ ಅರ್ಧದವರೆಗೆ ಇರಬೇಕು, ಮುಳುಗಬಾರದು. ಕಡಿಮೆ ಅನ್ನಿಸಿದರೆ ಮಾತ್ರ ಅರ್ಧ ಲೋಟ ಬಿಸಿನೀರು.

ಮುಚ್ಚಳವನ್ನು ಓರೆಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ 20 ನಿಮಿಷ. ಆಮೇಲೆ ಎದೆಯ ತುಂಡುಗಳನ್ನು ಸೇರಿಸಿ ಇನ್ನು 15–20 ನಿಮಿಷ. ಕೊನೆಯ ಹತ್ತು ನಿಮಿಷ ಇರುವಾಗ ಆಲಿವ್. ಇಳಿಸಿ, ಹತ್ತು ನಿಮಿಷ ಬಿಟ್ಟು ಬಡಿಸಿ.

ಎಷ್ಟು ಹೊತ್ತು ಹುರಿದರೂ ಕೋಳಿ ಕೆಂಪಾಗುವುದಿಲ್ಲ, ನೀರು ಬಿಟ್ಟುಕೊಂಡು ಬೆಳ್ಳಗೇ ಬೇಯುತ್ತದೆ. ಚರ್ಮವಿಲ್ಲದ ಕೋಳಿ ತರುತ್ತೇವೆ. – ಮಂಡ್ಯ

ಮಾಂಸದ ಮೇಲ್ಮೈ ಸುಮಾರು 140 ಡಿಗ್ರಿ ಮುಟ್ಟಿದ ಮೇಲಷ್ಟೇ ಕಂದು ಬಣ್ಣ, ಹುರಿದ ಪರಿಮಳ ಬೇಗ ಬರುತ್ತವೆ. ನೀರಿರುವ ಜಾಗ 100 ಡಿಗ್ರಿ ದಾಟುವುದಿಲ್ಲ. ಅಂದರೆ ತುಂಡಿನ ಮೇಲೆ, ಪಾತ್ರೆಯ ತಳದಲ್ಲಿ ನೀರು ಇರುವಷ್ಟು ಹೊತ್ತೂ ಕೋಳಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ನೀವು ಬಹುಶಃ ತೊಳೆದ ಕೂಡಲೇ, ಇಡೀ ಕೆ.ಜಿ.ಯನ್ನು ಒಟ್ಟಿಗೆ ಹಾಕುತ್ತಿದ್ದೀರಿ. ಕೋಳಿ ಸಾರಿಗೆ ಅದರಿಂದ ತೊಂದರೆಯಿಲ್ಲ, ಅಲ್ಲಿ ರುಚಿ ಮಸಾಲೆಯಿಂದ ಬರುತ್ತದೆ. ಇಲ್ಲಿ ಹುರಿಯುವುದೇ ಮಸಾಲೆ.

ತೊಳೆದದ್ದಾದರೆ ಜರಡಿಯಲ್ಲಿ ಅರ್ಧ ಗಂಟೆ ಸೋರಲು ಬಿಟ್ಟು ಒರೆಸಿ. ಫ್ರೀಜರಿನ ಕೋಳಿಯಾದರೆ ಪೂರ್ತಿ ಕರಗಿರಬೇಕು. ತುಂಡು ತುಂಡಿನ ನಡುವೆ ಒಂದು ಬೆರಳು ಜಾಗವಿರಲಿ. ಚೊರ್ರೆನ್ನುವ ಸದ್ದು ಹಾಕಿದ ಕ್ಷಣದಿಂದ ತೆಗೆಯುವವರೆಗೂ ಕೇಳುತ್ತಿರಬೇಕು. ಅದು ಗುಳುಗುಳು ಸದ್ದಾಯಿತೆಂದರೆ ನೀರು ಬಿಟ್ಟಿದೆ ಎಂದು ತಿಳಿಯಿರಿ. ಕೂಡಲೇ ಅರ್ಧ ತುಂಡುಗಳನ್ನು ಹೊರತೆಗೆದು ಉರಿ ಏರಿಸಿ.

ಅಂಗಡಿಯಲ್ಲಿ ‘ವಿತ್ ಸ್ಕಿನ್’ ಎಂದು ಕೇಳಿ ತನ್ನಿ. ಚರ್ಮದ ಕೊಬ್ಬು ಕರಗಿ ಹುರಿಯಲು ನೆರವಾಗುತ್ತದೆ, ಒಳಗಿನ ಮಾಂಸ ಗಟ್ಟಿಯಾಗದಂತೆ ಕಾಯುತ್ತದೆ. ಚರ್ಮವಿಲ್ಲದ್ದೇ ಸಿಕ್ಕರೆ ಎಣ್ಣೆ ಒಂದು ಚಮಚ ಹೆಚ್ಚಿಸಿ, ತುಂಡುಗಳ ಮೇಲೆ ಒಂದು ದೊಡ್ಡ ಚಮಚ ಮೈದಾ ಉದುರಿಸಿ ಕೊಡವಿ ಹುರಿಯಿರಿ. ಮೈದಾ ಬೇಗ ಸೀಯುವುದರಿಂದ ಉರಿ ಮಧ್ಯಮವಿರಲಿ. ತಳಕ್ಕೆ ಅಂಟಿಕೊಂಡ ತುಂಡನ್ನು ಎಳೆದು ಕೀಳಬೇಡಿ. ಕೆಂಪಾದ ಮೇಲೆ ತಾನಾಗಿ ಬಿಡುತ್ತದೆ.

ಇನ್ನೊಂದು ಮಾತು ಕತ್ತರಿಸುವ ಬಗ್ಗೆ. ‘ಕರಿ ಕಟ್’ ಬೇಡ. ಸಣ್ಣ ತುಂಡು ಹುರಿದು ಮುಕ್ಕಾಲು ಗಂಟೆ ಬೇಯುವಷ್ಟರಲ್ಲಿ ನಾರಾಗುತ್ತದೆ, ಎಲುಬಿನ ಚೂರು ಸಾಸಿಗೆ ಬೀಳುತ್ತದೆ. ‘ಬಿರಿಯಾನಿ ಕಟ್’ ಹೇಳಿ, ಅಥವಾ ಎರಡು ಕಾಲು, ಎರಡು ತೊಡೆ, ಎರಡು ರೆಕ್ಕೆ, ಎದೆ ಎರಡು ಭಾಗ ಎಂದು ನಿಂತು ಹೇಳಿ ಮಾಡಿಸಿ.

ಜರ್ಮನಿಯಲ್ಲಿದ್ದೇವೆ. ಎಲುಬಿಲ್ಲದ ಎದೆ ಮಾಂಸವೇ ಮನೆಯವರಿಗೆ ಇಷ್ಟ. ಅದರಲ್ಲಿ ಆಗುವುದೇ? – ಮ್ಯೂನಿಕ್

ತೊಡೆ, ಕಾಲಿನಲ್ಲಿ ಮಾಂಸದ ಎಳೆಗಳನ್ನು ಹಿಡಿದಿಡುವ ಸಂಯೋಜಕ ಅಂಗಾಂಶ ಹೆಚ್ಚು. ಅದು 70 ಡಿಗ್ರಿ ದಾಟಿದ ಮೇಲೆ ನಿಧಾನಕ್ಕೆ ಕರಗಿ ಸಾಸಿಗೆ ಅಂಟು ಕೊಡುತ್ತದೆ, 85ರ ಹತ್ತಿರ ಮಾಂಸ ಎಲುಬಿನಿಂದ ಬಿಡುವಷ್ಟು ಮೆದುವಾಗುತ್ತದೆ. ಎದೆ ಮಾಂಸದಲ್ಲಿ ಅದು ಕಡಿಮೆ. ಅಷ್ಟು ಬಿಸಿಗೆ ಒಣಗಿಹೋಗುತ್ತದೆ. ಹಾಗಾಗಿ ಎದೆಯನ್ನೇ ಹಾಕುವುದಾದರೆ ಸಾಸನ್ನು ಮಾತ್ರ ಅರ್ಧ ಗಂಟೆ ಕುದಿಸಿ ಮುಗಿಸಿಕೊಳ್ಳಿ. ಎದೆಯನ್ನು ಇಡಿಯಾಗಿ ಎರಡೂ ಕಡೆ ಎರಡೆರಡು ನಿಮಿಷ ಹುರಿದು, ಕೊನೆಗೆ ಸಾಸಿನಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಒಳಗೆ 74 ಡಿಗ್ರಿ ಬಂದ ಕೂಡಲೇ ಇಳಿಸಿ. ಊಟ ರುಚಿಯಾಗಿರುತ್ತದೆ, ಆದರೆ ಸಾಸಿನ ಮೈ ತೆಳುವೇ.

ನಮ್ಮ ಮನೆಯಲ್ಲಿ ಮದ್ಯ ಒಲೆಯ ಹತ್ತಿರವೂ ಬರುವುದಿಲ್ಲ. ವೈನ್ ಇಲ್ಲದೆ ಆದೀತೆ? ಕುದಿಸಿದರೆ ಮದ್ಯಾಂಶ ಪೂರ್ತಿ ಹೋಗುವುದು ನಿಜವೇ? – ಭಟ್ಕಳ

ಪೂರ್ತಿ ಹೋಗುವುದಿಲ್ಲ. ಅರ್ಧ ಗಂಟೆ ಕುದಿಸಿದ ಮೇಲೂ ಹಾಕಿದ್ದರಲ್ಲಿ ಸುಮಾರು ಮೂರನೇ ಒಂದು ಪಾಲು ಉಳಿದಿರಬಹುದು. ಧರ್ಮದ ಕಾರಣಕ್ಕೋ ಆರೋಗ್ಯದ ಕಾರಣಕ್ಕೋ ಬೇಡ ಎನ್ನುವವರಿಗೆ, ಮಕ್ಕಳಿಗೆ ಬಡಿಸುವವರಿಗೆ ಇದು ಗೊತ್ತಿರಬೇಕು.

ವೈನ್ ಇಲ್ಲಿ ಮಾಡುವ ಕೆಲಸ ಮುಖ್ಯವಾಗಿ ಎರಡು: ಹುಳಿ ಕೊಡುವುದು, ತಳದ ಕಂದು ಪದರವನ್ನು ಬಿಡಿಸುವುದು. ಎರಡನ್ನೂ ವಿನೆಗರ್ ಮಾಡುತ್ತದೆ. 150 ಮಿ.ಲೀ. ಕೋಳಿ ಎಲುಬಿನ ಸಾರಿಗೆ ಒಂದೂವರೆ ದೊಡ್ಡ ಚಮಚ ಸೇಬಿನ ವಿನೆಗರ್, ಕಾಲು ಟೀ ಚಮಚ ಸಕ್ಕರೆ ಬೆರೆಸಿ ವೈನ್ ಹಾಕುವ ಹಂತದಲ್ಲೇ ಸುರಿದು, ಅರ್ಧಕ್ಕೆ ಇಳಿಸಿ. ನಿಂಬೆ ರಸ ಬೇಡ, ಇಷ್ಟು ಹೊತ್ತು ಕುದಿದರೆ ಅದರ ಘಮ ಹೋಗಿ ಕಹಿ ಉಳಿಯುತ್ತದೆ. ಹುಣಸೆಯೂ ಬೇಡ. ಲಾತ್ಸಿಯೊದ ಬಿಳಿ ಬಗೆಗೆ ವಿನೆಗರೇ ಆಧಾರವಾದ್ದರಿಂದ ನಿಮ್ಮ ಮನೆಗೆ ಅದು ಇನ್ನೂ ಚೆನ್ನಾಗಿ ಹೊಂದುತ್ತದೆ: ಹುರಿದ ಕೋಳಿಗೆ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ರೋಸ್‌ಮೆರಿ ಹಾಕಿ, 50 ಮಿ.ಲೀ. ವಿನೆಗರನ್ನು ಅಷ್ಟೇ ನೀರಿನೊಡನೆ ಸುರಿದು, ಮುಚ್ಚಿ 35 ನಿಮಿಷ ಬೇಯಿಸಿ. ನಡುವೆ ಒಣಗಿದರೆ ಸ್ವಲ್ಪ ಸ್ವಲ್ಪ ಬಿಸಿನೀರು. ಎರಡು ಆಂಚೋವಿಯನ್ನು ಅರೆದು ಕೊನೆಗೆ ಬೆರೆಸಿದರೆ ರುಚಿ ತುಂಬಿಕೊಳ್ಳುತ್ತದೆ. ಮೀನು ಸಿಗದಿದ್ದರೆ ಬಿಟ್ಟುಬಿಡಿ.

ವೈನ್ ಹಾಕುವವರಿಗೂ ಒಂದು ಎಚ್ಚರಿಕೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ‘ಪೋರ್ಟ್’ ವೈನ್ ಸಿಹಿ, ಕುದಿದಾಗ ಪಾನಕವಾಗುತ್ತದೆ. ಬಾಟಲಿಯ ಮೇಲೆ ‘ಡ್ರೈ’ ಎಂದಿರುವುದನ್ನು ನೋಡಿ ಕೊಳ್ಳಿ. ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳ ಸಾಧಾರಣ ಬೆಲೆಯ ಕೆಂಪು ವೈನ್ ಈ ಅಡುಗೆಗೆ ಧಾರಾಳ ಸಾಕು. ಬಿಳಿ ವೈನ್ ಹಾಕಿದರೂ ತಪ್ಪಿಲ್ಲ, ಬಣ್ಣ ತಿಳಿಯಾಗಿ ರುಚಿ ಹಗುರಾಗುತ್ತದೆ.

ಕುಕ್ಕರಿನಲ್ಲಿ ಮಾಡಿದರೆ ಕೋಳಿ ಎಳೆ ಎಳೆಯಾಯಿತು, ಸಾಸು ನೀರಾಯಿತು. – ದಾವಣಗೆರೆ

ಫಾರಂ ಕೋಳಿ ಎಳೆಯದು. ಅದಕ್ಕೆ ಕುಕ್ಕರಿನ ಒತ್ತಡ ಬೇಕಿಲ್ಲ. ಜೊತೆಗೆ ಮುಚ್ಚಿದ ಕುಕ್ಕರಿನಲ್ಲಿ ನೀರು ಆವಿಯಾಗಿ ಹೋಗುವುದಿಲ್ಲ. ಕೋಳಿ, ಟೊಮೆಟೊ ಬಿಟ್ಟ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ತೆರೆದ ಪಾತ್ರೆಯೇ ಸರಿ.

ನಾಟಿ ಕೋಳಿಯ ಮಾತು ಬೇರೆ, ಅದೂ ಮೊಟ್ಟೆ ಇಟ್ಟು ಮುಗಿಸಿದ ಹೇಂಟೆಯಾದರಂತೂ. ಗಟ್ಟಿ ಮಾಂಸವನ್ನು ಮೆದು ಮಾಡಿಕೊಳ್ಳಲು ಈ ಬಗೆಯ ನಿಧಾನದ ಅಡುಗೆ ಹೇಳಿ ಮಾಡಿಸಿದ್ದು. ತೆರೆದ ಪಾತ್ರೆಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಕು. ಅಷ್ಟು ಗ್ಯಾಸ್ ಉರಿಸಲು ಇಷ್ಟವಿಲ್ಲದಿದ್ದರೆ ಹೀಗೆ ಮಾಡಿ: ಹುರಿಯುವುದು, ಸೊಫ್ರಿತ್ತೊ, ವೈನ್ ಇಂಗಿಸುವುದು ಇಷ್ಟನ್ನೂ ಕುಕ್ಕರಿನ ಮುಚ್ಚಳ ತೆಗೆದೇ ಮುಗಿಸಿ. ವೈನ್ ಇಂಗುವ ಮೊದಲು ಮುಚ್ಚಿದರೆ ಘಾಟು ಒಳಗೇ ಉಳಿದು ಮಾಂಸಕ್ಕೆ ಹಿಡಿಯುತ್ತದೆ. ಟೊಮೆಟೊ, ಒಂದು ಲೋಟ ನೀರು ಹಾಕಿ ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 12–15 ನಿಮಿಷ. ಒತ್ತಡ ತಾನಾಗಿ ಇಳಿಯಲಿ. ಆಮೇಲೆ ಮುಚ್ಚಳ ತೆಗೆದು 15 ನಿಮಿಷ ಕುದಿಸಿ ಗಟ್ಟಿ ಮಾಡಿ. ಅಲ್ಯೂಮಿನಿಯಂ ಕುಕ್ಕರ್ ಬೇಡ, ಸ್ಟೀಲಿನದಿರಲಿ. ವೈನ್, ಟೊಮೆಟೊದ ಹುಳಿಗೆ ಅಲ್ಯೂಮಿನಿಯಂ ಲೋಹದ ರುಚಿ ಬಿಡುತ್ತದೆ.

ಸಾಸು ತುಂಬ ಹುಳಿಯಾಗುತ್ತದೆ. ಸಕ್ಕರೆ ಹಾಕಲೇ? – ಕೋಲಾರ

ಮೊದಲು ವೈನ್ ಸಾಕಷ್ಟು ಇಂಗಿತ್ತೇ ನೋಡಿ. ಹುಳಿಯ ದೂರು ಬಂದಾಗ ಟೊಮೆಟೊಗಿಂತ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಟೊಮೆಟೊದ್ದೇ ತಪ್ಪಾದರೆ, ನಾಟಿ ಟೊಮೆಟೊ ಹುಳಿ, ರಸವೂ ಹೆಚ್ಚು. ದೂರದ ಮಾರುಕಟ್ಟೆಗೆಂದು ಬೆಳೆವ ಹೈಬ್ರಿಡ್ ಹಣ್ಣು ಗಟ್ಟಿ ಸಿಪ್ಪೆಯದು, ಹಣ್ಣಾಗುವ ಮೊದಲೇ ಕೊಯ್ದಿರುತ್ತಾರೆ. ಇಟಲಿಯಲ್ಲಿ ಸಾಸಿಗೆ ಬಳಸುವ ಸಾನ್ ಮಾರ್ಜಾನೊದಂಥ ಉದ್ದ ಹಣ್ಣುಗಳಲ್ಲಿ ತಿರುಳು ಹೆಚ್ಚು, ಬೀಜ ಕಡಿಮೆ. ನೀವು ಹೈಬ್ರಿಡ್ ತಂದು ಬುಟ್ಟಿಯಲ್ಲಿ ಮೂರು ನಾಲ್ಕು ದಿನ ಕಡುಕೆಂಪಾಗಲು ಬಿಡಿ. ಫ್ರಿಜ್ಜಿಗೆ ಹಾಕಬೇಡಿ. ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಸಿಪ್ಪೆ ಸುಲಿದು, ಬೀಜದ ನೀರನ್ನು ಹಿಂಡಿ ತೆಗೆದು, ಕೈಯಲ್ಲಿ ಕಿವುಚಿ. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ಬಣ್ಣ ಪೇಲವವಾಗುತ್ತದೆ.

ಇಷ್ಟಾದರೂ ಹುಳಿ ಉಳಿದರೆ ಅರ್ಧ ಟೀ ಚಮಚ ಸಕ್ಕರೆ ಹಾಕಿ. ಅದಕ್ಕಿಂತ ಮುಂದೆ ಹೋಗಬೇಡಿ. ಕೆಚಪ್ ಅಂತೂ ಬೇಡವೇ ಬೇಡ.

ರೋಸ್‌ಮೆರಿ ಬದಲು ಪಿಜ್ಜಾ ಜೊತೆ ಕೊಡುವ ಓರೆಗಾನೊ, ಪಲಾವ್ ಎಲೆ, ತುಳಸಿ ಹಾಕಬಹುದೇ? – ಹುಬ್ಬಳ್ಳಿ

ಪಲಾವ್ ಎಲೆ ಬೇಡ. ಇಟಲಿಯವರ ‘ಅಲ್ಲೋರೊ’ ಎಂಬ ಲಾರೆಲ್ ಎಲೆ ಬೇರೆಯೇ ಮರದ್ದು. ಅದಕ್ಕೆ ನಡುವೆ ಒಂದು ನರ. ನಮ್ಮ ಪಲಾವ್ ಎಲೆ ದಾಲ್ಚಿನ್ನಿಯ ಬಳಗದ್ದು, ಉದ್ದಕ್ಕೆ ಮೂರು ನರ. ಹಾಕಿದರೆ ಪಾತ್ರೆ ತುಂಬ ಬಿರಿಯಾನಿ ವಾಸನೆ. ತುಳಸಿಯ ಲವಂಗದ ಘಾಟೂ ಇಲ್ಲಿ ಸೇರುವುದಿಲ್ಲ. ಓರೆಗಾನೊ ದಕ್ಷಿಣ ಇಟಲಿಯ ದಪ್ಪ ಮೆಣಸಿನಕಾಯಿ ಬಗೆಗೆ ಸರಿ, ಅರ್ಧ ಟೀ ಚಮಚ.

ಆದರೆ ರೋಸ್‌ಮೆರಿಯನ್ನು ಸಂಪಾದಿಸಿಕೊಳ್ಳುವುದೇ ಒಳ್ಳೆಯದು. ಒಣಗಿದ್ದಾದರೆ ಒಂದು ಟೀ ಚಮಚ ಸಾಕು. ಬೆಂಗಳೂರು, ಮಡಿಕೇರಿಯ ಹವೆಯಲ್ಲಿ ಕುಂಡದಲ್ಲೂ ಬರುತ್ತದೆ; ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಎರಡು ಕಡ್ಡಿಗಿಂತ ಹೆಚ್ಚು ಹಾಕಿದರೆ ಕರ್ಪೂರದ ವಾಸನೆ ಬಂದು ಔಷಧಿಯಂತಾಗುತ್ತದೆ. ಇಡೀ ಕಡ್ಡಿ ಹಾಕಿ, ಬಡಿಸುವ ಮುನ್ನ ತೆಗೆದುಬಿಡಿ.

ಸ್ವಲ್ಪ ಗರಂ ಮಸಾಲೆ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಾಕಿದರೆ ರುಚಿ ಹೆಚ್ಚಲ್ಲವೇ? – ಬಳ್ಳಾರಿ

ಇಲ್ಲ. ಖಾರ ಬೇಕಿದ್ದರೆ ಬೆಳ್ಳುಳ್ಳಿ ಜೊತೆ ಒಂದು ಒಣಮೆಣಸಿನಕಾಯಿ ಮುರಿದು ಹಾಕಿ. ಇಟಲಿಯವರೂ ಹಾಕುತ್ತಾರೆ.

ಕೊನೆಯಲ್ಲಿ ಕಹಿ ಬರುತ್ತದೆ, ಉಪ್ಪೂ ಹೆಚ್ಚಾಗುತ್ತದೆ. – ಉಡುಪಿ

ಉಪ್ಪು ಆಲಿವ್‌ನಿಂದ. ಉಪ್ಪುನೀರಿನಿಂದ ತೆಗೆದು ತೊಳೆದು ಹತ್ತು ನಿಮಿಷ ನೆನೆಸಿಡಿ, ಸಾಸಿನ ಉಪ್ಪನ್ನು ಆಲಿವ್ ಬಿದ್ದ ಮೇಲೆಯೇ ನೋಡಿ. ಕಹಿ ಬಂದರೆ ಬೆಳ್ಳುಳ್ಳಿ ಸೀದಿದೆಯೇ, ಎರಡನೇ ಸರದಿ ಹುರಿಯುವಾಗ ತಳ ಕಪ್ಪಾಗಿದೆಯೇ ನೋಡಬೇಕು. ತಳ ಕಂದಿದ್ದರೆ ರುಚಿ. ಕಪ್ಪಾದರೆ ಆ ಎಣ್ಣೆಯನ್ನು ಚೆಲ್ಲಿ, ಪಾತ್ರೆ ಒರೆಸಿ, ಹೊಸ ಎಣ್ಣೆಯಲ್ಲಿ ಮುಂದುವರಿಯಿರಿ. ಮನಸ್ಸು ಒಪ್ಪದಿದ್ದರೂ ಹಾಗೆ ಮಾಡಬೇಕು, ಕಹಿಯನ್ನು ಆಮೇಲೆ ಯಾವುದೂ ತೆಗೆಯುವುದಿಲ್ಲ.

ಇದನ್ನು ಪಾಸ್ತಾ ಜೊತೆ ತಿನ್ನಬೇಕೇ? ಪೊಲೆಂಟಾ ಮಾಡಲು ಕಾರ್ನ್‌ಫ್ಲೋರ್ ತಂದರೆ ಅಂಟಾಯಿತು. – ಮೈಸೂರು

ಇಟಲಿಯಲ್ಲಿ ಇದಕ್ಕೆ ಜೋಡಿ ಬ್ರೆಡ್ಡು ಅಥವಾ ಪೊಲೆಂಟಾ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಸಾಸಿನ ಉಪ್ಪಿಗೆ ಅದು ಸರಿದೂಗುತ್ತದೆ. ನಮ್ಮಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವುದು ಮೆಕ್ಕೆಜೋಳದ ಬಿಳಿ ಪಿಷ್ಟ, ಗೋಬಿ ಮಂಚೂರಿಗೆ ಹಾಕುವಂಥದ್ದು. ಪೊಲೆಂಟಾಕ್ಕೆ ಬೇಕಾದದ್ದು ಹಳದಿ ಮೆಕ್ಕೆಜೋಳದ ರವೆ. ಒಂದು ಕಪ್ ರವೆಗೆ ನಾಲ್ಕೂವರೆ ಕಪ್ ನೀರು, ಒಂದು ಟೀ ಚಮಚ ಉಪ್ಪು. ಕುದಿಯುವ ನೀರಿಗೆ ಉದುರಿಸುತ್ತ ಬೀಸುಗೋಲಿನಿಂದ ತಿರುಗಿಸಿ, ಸಣ್ಣ ಉರಿಯಲ್ಲಿ 40 ನಿಮಿಷ, ಆಗಾಗ ಕೈಯಾಡಿಸುತ್ತ. ಕೊನೆಗೆ ಒಂದು ದೊಡ್ಡ ಚಮಚ ಬೆಣ್ಣೆ. ಬೇಗ ಇಳಿಸಿದರೆ ಹಸಿ ಹಿಟ್ಟಿನ ಕಹಿ ಉಳಿಯುತ್ತದೆ. ಜೋಳದ ರೊಟ್ಟಿ ಜೊತೆಗೂ ಈ ಸಾಸು ಚೆನ್ನಾಗಿ ಹೋಗುತ್ತದೆ. ಮುದ್ದೆಗೆ ಮಾತ್ರ ತೀರ ಗಟ್ಟಿ.

ಇಪ್ಪತ್ತು ಜನಕ್ಕೆ ಮಾಡಬೇಕು. ಹಿಂದಿನ ದಿನವೇ ಮಾಡಿಡಬಹುದೇ? – ಬೆಂಗಳೂರು

ಹಿಂದಿನ ದಿನ ಮಾಡಿದರೆ ಇನ್ನೂ ಚೆನ್ನ. ಕೋಳಿ 6 ಕೆ.ಜಿ. ಬೇಕು, ಆದರೆ ಎಲ್ಲವನ್ನೂ ಐದು ಪಟ್ಟು ಮಾಡಬೇಡಿ. ದೊಡ್ಡ ಪ್ರಮಾಣದಲ್ಲಿ ನೀರು ನಿಧಾನಕ್ಕೆ ಇಂಗುತ್ತದೆ. ಆದ್ದರಿಂದ ವೈನ್ ಅರ್ಧ ಲೀಟರಿಗೆ, ಟೊಮೆಟೊ ಎರಡೂವರೆ ಕೆ.ಜಿ.ಗೆ ನಿಲ್ಲಿಸಿ. ರೋಸ್‌ಮೆರಿ ಆರು ಕಡ್ಡಿ ಸಾಕು. ಒಂದು ಆಳದ ಹಂಡೆಗಿಂತ ಎರಡು ಅಗಲ ಪಾತ್ರೆ ಮೇಲು; ಆಳದಲ್ಲಿ ಕೆಳಗಿನ ತುಂಡು ಮುದ್ದೆಯಾಗುವಷ್ಟರಲ್ಲಿ ಮೇಲಿನದು ಬೆಂದಿರುವುದಿಲ್ಲ. ಓವನ್ ಇದ್ದರೆ ಹುರಿದು ಸಾಸು ಮಾಡಿಕೊಂಡು, ಟ್ರೇಗಳಲ್ಲಿ ಒಂದೇ ಪದರವಾಗಿ ಜೋಡಿಸಿ 160 ಡಿಗ್ರಿಯಲ್ಲಿ 50–60 ನಿಮಿಷ ಇಡಿ.

ಬೆಂದದ್ದನ್ನು ಅಗಲ ತಟ್ಟೆಗಳಿಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಬಿಸಿ ಹಂಡೆಯನ್ನು ಹಾಗೇ ರಾತ್ರಿಯಿಡೀ ಮುಚ್ಚಿಟ್ಟರೆ ಕೆಡುತ್ತದೆ. ಮರುದಿನ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಬೇಕಾದಷ್ಟು ತೆಗೆದು, ಮುಚ್ಚಿ, ಸಣ್ಣ ಉರಿಯಲ್ಲಿ ಸಾಸು ಕುದಿ ಬಂದು ತುಂಡಿನ ನಡುವೆಯೂ ಬಿಸಿಯಾಗುವವರೆಗೆ ಕಾಯಿಸಿ. ಸೌಟಿನಿಂದ ತಿರುವಬೇಡಿ, ಮಾಂಸ ಎಲುಬು ಬಿಡುತ್ತದೆ. ಪಾತ್ರೆಯ ಕಿವಿ ಹಿಡಿದು ಅಲುಗಾಡಿಸಿದರೆ ಸಾಕು. ಆಲಿವ್ ಮಾತ್ರ ಮರುದಿನ ಕಾಯಿಸುವಾಗಲೇ ಹಾಕಿ. ಉಳಿದದ್ದು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ.